ಇಂದ್ರಮ್ಮನ ಹಾಡು ಪಾಸಾದ ದಿನ

ಮೂವತ್ತೊಂದು ವರ್ಷ ನಾನು ಗಾರ್ಮೆಂಟ್ಸಿನಲ್ಲಿ ಚೆಕ್ಕರ್ ಆಗಿದ್ದವನು. ಕಾಮಾಕ್ಷಿಪಾಳ್ಯದಲ್ಲಿ ಬೈರಯ್ಯ ಎಂದರೆ ಹಳೆಯ ಟೈಲರುಗಳು ಇವತ್ತಿಗೂ ಮುಖ ಸಿಂಡರಿಸುತ್ತಾರೆ. ಸಿಂಡರಿಸಲಿ. ಒಂದು ಹೊಲಿಗೆ ಹಾರಿದ್ದರೂ ಆ ಅಂಗಿ ನನ್ನ ಮೇಜು ದಾಟಿ ಹೋಗುತ್ತಿರಲಿಲ್ಲ. ತಪ್ಪಿದ್ದ ಜಾಗಕ್ಕೆ ಕೆಂಪು ಬಾಣದ ಸ್ಟಿಕ್ಕರ್ ಅಂಟಿಸಿ ವಾಪಸು ಕಳಿಸುತ್ತಿದ್ದೆ. ರಿಪೇರಿಗೆ ಬಾರದ್ದನ್ನು ಕತ್ತರಿಯಲ್ಲಿ ಅಡ್ಡಡ್ಡ ಸೀಳಿ ಚೀಲಕ್ಕೆ ಹಾಕಬೇಕು, ಅದು ರೂಲ್ಸು. ಸೀಳದೆ ಬಿಟ್ಟರೆ ಯಾರಾದರೂ ಹೊರಗೆ ಮಾರಿಕೊಳ್ಳುತ್ತಾರೆ, ಕಂಪನಿ ಹೆಸರು ಕೆಡುತ್ತದೆ. ರಿಜೆಕ್ಟ್ ಮಾಲನ್ನು ಸಂಜೆಯವರೆಗೆ ಇಟ್ಟುಕೊಂಡವನೇ ಅಲ್ಲ ನಾನು. ಈ ಮಾತನ್ನು ಎದೆಯುಬ್ಬಿಸಿ ಹೇಳುತ್ತಿದ್ದ ಕಾಲವೊಂದಿತ್ತು. ಈಗ ಹೇಳಲು ನಾಚಿಕೆಯಾಗುತ್ತದೆ.

ಇಂದ್ರಮ್ಮ ಅದೇ ಫ್ಯಾಕ್ಟರಿಯ ಮೂರನೇ ಲೈನಿನಲ್ಲಿ ಕಾಲರ್ ಹೊಲಿಯುತ್ತಿದ್ದಳು. ಅಲ್ಲೊಂದು ರೇಡಿಯೋ ಹಾಡುತ್ತಿತ್ತು. ಹಾಡಿನ ನಡುವೆ ಗಿಟಾರ್ ಬಂದರೆ ಸಾಕು, ಇವಳ ಕಾಲು ಪೆಡಲಿನ ಮೇಲೆ ನಿಧಾನವಾಗುತ್ತಿತ್ತು, ಹೊಲಿಗೆ ಸೊಟ್ಟಗಾಗುತ್ತಿತ್ತು. ನಾನು ಬಾಣ ಅಂಟಿಸುತ್ತಿದ್ದೆ. ಒಂದು ದಿನ ಹನ್ನೊಂದು ಕಾಲರ್ ವಾಪಸು ಕಳಿಸಿದ್ದಕ್ಕೆ ಎದ್ದು ಬಂದು ಹನ್ನೊಂದನ್ನೂ ನನ್ನ ಮೇಜಿನ ಮೇಲೆ ಸುರಿದಳು.

“ಏನ್ ಸಾರ್, ದೇವ್ರು ನಿಮ್ಗೆ ಕಣ್ಣು ಮಾತ್ರ ಕೊಟ್ಟವ್ನಾ, ಕಿವಿ ಕೊಟ್ಟಿಲ್ವಾ? ಅಷ್ಟು ಚೆಂದಾಗಿ ಗಿಟಾರ್ ಬರ್ತಿದ್ರೆ ಕೈ ಹೆಂಗ್ ಸಾರ್ ನೆಟ್ಟಗೆ ಓಡುತ್ತೆ?”

ಇಡೀ ಲೈನು ನಕ್ಕಿತು. ಅದೇ ವರ್ಷ ನಾವು ಮದುವೆಯಾದೆವು. ಮದುವೆಯಾದ ಮೇಲೂ ನನ್ನ ಚಾಳಿ ಬಿಡಲಿಲ್ಲ. ಸಾರಿಗೆ ಉಪ್ಪು ಒಂದು ಕಲ್ಲು ಹೆಚ್ಚಾದರೆ, ರಂಗೋಲಿಯ ಎಳೆ ಒಂದು ಕಡೆ ದಪ್ಪವಾದರೆ ನನ್ನ ಬೆರಳು ಅಲ್ಲಿಗೇ ಹೋಗುತ್ತಿತ್ತು. “ಈ ಮನುಷ್ಯನ ಬಾಯಲ್ಲಿ ಪಾಸ್ ಅನ್ನೋ ಮಾತು ಒಂದ್ಸಲ ಕೇಳಿ ಸಾಯ್ಬೇಕು ನಾನು” ಎನ್ನುತ್ತಿದ್ದಳು. ನಾನು ಜಗ್ಗುತ್ತಿರಲಿಲ್ಲ.

ಫ್ಯಾಕ್ಟರಿ ಊರಾಚೆಗೆ ಹೋದಾಗ ನನಗೆ ಐವತ್ತೆಂಟು. ಕೆಲಸ ಬಿಟ್ಟೆ. ಮನೆಯಲ್ಲಿ ಕೂತು ಕೂತು ತಲೆ ಕೆಟ್ಟಿತ್ತು. ಒಂದು ದಿನ ರಾಜಾಜಿನಗರದ ಅಂಗಡಿಯೊಂದರಲ್ಲಿ ಗಿಟಾರ್ ನೇತು ಹಾಕಿದ್ದು ಕಂಡಿತು. ಯಾಕೆ ಒಳಗೆ ಹೋದೆನೋ ಗೊತ್ತಿಲ್ಲ. ಗೊತ್ತಿಲ್ಲ ಎನ್ನುವುದು ಸುಳ್ಳು, ಹನ್ನೊಂದು ಕಾಲರ್ ನೆನಪಾಗಿತ್ತು. ಮೂವತ್ತು ವರ್ಷ ಇವಳ ಕೆಲಸದಲ್ಲಿ ತಪ್ಪು ಹುಡುಕಿದ್ದೆನೇ ಹೊರತು ಇವಳ ಜೊತೆ ಕೂತು ಒಂದು ಕೆಲಸ ಮಾಡಿರಲಿಲ್ಲ. ಗಿಟಾರ್ ಹೊತ್ತು ಮನೆಗೆ ಬಂದಾಗ ಇಂದ್ರಮ್ಮ ಬಾಗಿಲಲ್ಲೇ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕಳು.

“ಅರವತ್ತಕ್ಕೆ ಅರಳು ಮರಳು ಅಂತಾರೆ. ನಿಮ್ಗೆ ಎರಡು ವರ್ಷ ಮುಂಚೇನೇ ಬಂತಲ್ರೀ!”

ವಿಜಯನಗರದಲ್ಲಿ ಒಂದು ಬೇಕರಿಯ ಮೇಲಿನ ಕೋಣೆಯಲ್ಲಿ ಚೇತನಾ ಎಂಬ ಹೆಣ್ಣುಮಗಳು ಗಿಟಾರ್ ಕಲಿಸುತ್ತಿದ್ದಳು. ಕ್ಲಾಸಿನಲ್ಲಿ ಉಳಿದವರೆಲ್ಲ ಎರಡನೇ ಕ್ಲಾಸು, ಮೂರನೇ ಕ್ಲಾಸಿನ ಮಕ್ಕಳು. ನನ್ನನ್ನು ನೋಡಿ ಯಾರದೋ ತಾತ ಕರೆದುಕೊಂಡು ಹೋಗಲು ಬಂದಿದ್ದಾರೆ ಅಂದುಕೊಂಡವು. ಮೊದಲ ತಿಂಗಳು ತಂತಿ ಒತ್ತಿ ಒತ್ತಿ ಎಡಗೈ ಬೆರಳ ತುದಿ ಸುಲಿಯಿತು. ಇಂದ್ರಮ್ಮ ಕೊಬ್ಬರಿ ಎಣ್ಣೆ ಹಚ್ಚುತ್ತಾ ಬೈಯುತ್ತಿದ್ದಳು. ಹಲವು ತಂತಿ ಒಟ್ಟಿಗೆ ಒತ್ತಿ ನುಡಿಸುವ ಕಾರ್ಡ್‌ಗಳಲ್ಲಿ ಸಿ ಬಂತು, ಜಿ ಬಂತು, ಎ ಮೈನರ್ ಬಂತು. ಎಫ್ ಮಾತ್ರ ಬರಲಿಲ್ಲ. ಅದಕ್ಕೆ ತೋರುಬೆರಳನ್ನು ಆರು ತಂತಿಯ ಮೇಲೂ ಅಡ್ಡ ಮಲಗಿಸಿ ಒತ್ತಬೇಕು. ಒತ್ತಿದರೆ ಎರಡು ತಂತಿ ನುಡಿಯುತ್ತಿದ್ದವು, ಉಳಿದವು ಡಬ್ ಡಬ್ ಎನ್ನುತ್ತಿದ್ದವು. “ಸಾರ್, ಸದ್ಯಕ್ಕೆ ಮೂರು ತಂತಿಯ ಚಿಕ್ಕ ಎಫ್ ಹಿಡೀರಿ, ಎಲ್ರೂ ಹಂಗೇ ಶುರು ಮಾಡೋದು” ಎಂದಳು ಚೇತನಾ. ನಾನು ಒಪ್ಪಲಿಲ್ಲ. ಅರ್ಧ ತೋಳಿನ ಅಂಗಿಯನ್ನು ಪೂರ್ತಿ ತೋಳು ಅಂತ ಪಾಸು ಮಾಡುವವನಲ್ಲ ನಾನು.

ಇದೆಲ್ಲ ನಗುತ್ತಾ ನಡೆದಿತ್ತು. ಯುಗಾದಿ ಹೊತ್ತಿಗೆ ಇಂದ್ರಮ್ಮನ ದನಿ ಸ್ವಲ್ಪ ಒಡೆಯಿತು. ಶೀತ ಇರಬಹುದು ಅಂದುಕೊಂಡೆವು. ಮೆಣಸಿನ ಕಷಾಯ ಆಯಿತು, ತುಳಸಿ ಆಯಿತು, ಬೀದಿ ಕೊನೆಯ ಡಾಕ್ಟರ ಮಾತ್ರೆ ಆಯಿತು. ಆಷಾಢದಲ್ಲಿ ದೊಡ್ಡಾಸ್ಪತ್ರೆಯಲ್ಲಿ ಗಂಟಲಿಗೆ ನಳಿಗೆ ಇಳಿಸಿ ನೋಡಿದರು. ಗಡ್ಡೆ. ಒಳ್ಳೆಯದಲ್ಲ. ಧ್ವನಿಪೆಟ್ಟಿಗೆಯನ್ನೇ ಪೂರ್ತಿ ತೆಗೆಯಬೇಕು, ತೆಗೆದರೆ ಜೀವಕ್ಕೆ ಭಯವಿಲ್ಲ, ಆದರೆ ಆಮೇಲೆ ಮಾತಿಲ್ಲ. ಕತ್ತಿನಲ್ಲಿ ಒಂದು ತೂತು ಮಾಡುತ್ತಾರೆ, ಉಸಿರಾಟ ಅಲ್ಲಿಂದಲೇ. ಸಕ್ಕರೆ ಕಾಯಿಲೆ ಹತೋಟಿಗೆ ಬರಬೇಕಾದ್ದರಿಂದ ಆರು ವಾರ ಬಿಟ್ಟು ಆಪರೇಷನ್ ಎಂದರು. ಬಸ್ಸಿನಲ್ಲಿ ಬರುವಾಗ ಇಂದ್ರಮ್ಮ ಕಿಟಕಿಯಾಚೆ ನೋಡುತ್ತಾ ಒಂದೇ ಮಾತು ಕೇಳಿದಳು.

“ಸುಮಾನ ಒಪ್ಪಿಸೋ ಹಾಡು ಯಾರ್ರೀ ಹಾಡ್ತಾರೆ?”

ಸುಮಾ ನಮ್ಮ ಒಬ್ಬಳೇ ಮಗಳು. ಕೆಂಗೇರಿಯಲ್ಲಿ ಬ್ಯಾಂಕಿನ ಕೆಲಸ. ಜೀವನ್ ಎಂಬ ಹುಡುಗನ ಜೊತೆ ಮದುವೆ ಗೊತ್ತಾಗಿತ್ತು, ಕಾರ್ತಿಕದಲ್ಲಿ ಮುಹೂರ್ತ. ಇಂದ್ರಮ್ಮನ ತವರಿನ ಕಡೆ ಒಂದು ಪದ್ಧತಿ. ಮದುವೆ ಮುಗಿದು ಹೆಣ್ಣನ್ನು ಒಪ್ಪಿಸುವಾಗ ಮಗಳ ಕೈಯನ್ನು ಹಾಲಿನ ಬಟ್ಟಲಲ್ಲಿ ಅದ್ದಿ, ಬೀಗಿತ್ತಿಯ ಕೈಗೆ ಇಟ್ಟು, ತಾಯಿಯೇ ಹಾಡಬೇಕು. ಬೇರೆ ಯಾರೂ ಹಾಡುವ ಹಾಗಿಲ್ಲ. ಇಂದ್ರಮ್ಮನನ್ನು ಒಪ್ಪಿಸುವಾಗ ಅವಳ ತಾಯಿ ಹಾಡಿದ್ದು ನನಗೆ ನೆನಪಿದೆ.

ಹಾಲಲ್ಲಿ ಕೈಯದ್ದಿ ನಿಮ್ಮ ಕೈಗೊಪ್ಪಿಸಿದೆ
ನೂಲಿನಂಥವಳು ನನ ಮಗಳು, ಬೀಗಿತ್ತಿ
ಮೇಲುಮಾತಾಡಿ ನೋಯಿಸದಿರು

ಹೀಗೆ ಐದು ನುಡಿ. ಅವತ್ತು ಸಂಜೆ ಸುಮಾ ಅತ್ತು ಅತ್ತು ಮುಖ ತೊಳೆದುಕೊಂಡು ಬಂದು ಹೇಳಿದಳು, “ಅಪ್ಪಾ, ಅಮ್ಮನ ಹಾಡು ರೆಕಾರ್ಡ್ ಮಾಡಿಡೋಣ. ಒಪ್ಪಿಸೋವಾಗ ಅದನ್ನೇ ಹಾಕೋಣ. ನಂಗೆ ಬೇರೆ ಏನೂ ಬೇಡಪ್ಪಾ, ಒಡವೆ ಬೇಡ, ಊಟ ಬೇಡ, ಅದೊಂದು ಸಾಕು.”

“ನಾನು ಮಾಡಿಸ್ತೀನಿ ಬಿಡು” ಎಂದೆ. ಎಂಥ ಧೈರ್ಯ ನನ್ನದು!

ನಮ್ಮ ಮನೆಗೆ ಅಂಟಿಕೊಂಡೇ ಕೊಟ್ರೇಶನ ಲೇತ್ ವರ್ಕ್‌ಶಾಪ್ ಇದೆ. ಬೆಳಗ್ಗೆಯಿಂದ ಕಬ್ಬಿಣ ಕೊರೆಯುವ ಸದ್ದು. ಮಧ್ಯಾಹ್ನ ಒಂದರಿಂದ ಒಂದೂವರೆ ಅವರು ಊಟಕ್ಕೆ ನಿಲ್ಲಿಸುತ್ತಾರೆ. ಆ ಅರ್ಧ ಗಂಟೆಯೇ ನಮ್ಮ ಸ್ಟುಡಿಯೋ. ಕಿಟಕಿಗೆ ಹಳೆಯ ಕಂಬಳಿ ಕಟ್ಟಿ, ಫ್ಯಾನು ನಿಲ್ಲಿಸಿ, ಅಕ್ಕಿ ಡಬ್ಬದ ಮೇಲೆ ಫೋನು ಇಟ್ಟು, ನಾನು ಗಿಟಾರ್ ಹಿಡಿದು ಮಂಚದ ಮೇಲೆ, ಇವಳು ಎದುರಿಗೆ ಚಾಪೆಯ ಮೇಲೆ. ಬೆವರು ಇಳಿಯುತ್ತಿತ್ತು. ಮೊದಲ ದಿನ ಅವಳು ಸೆರಗು ಸರಿಮಾಡಿಕೊಂಡು, ಫೋಟೋ ತೆಗೆಯುತ್ತಾರೇನೋ ಎಂಬಂತೆ ತಲೆಗೂದಲು ನೇವರಿಸಿಕೊಂಡು ಹಾಡಿದಳು. ದನಿಯ ಅಂಚು ಸ್ವಲ್ಪ ಹರಿದಿತ್ತು, ನಿಜ. ಆದರೆ ‘ನೂಲಿನಂಥವಳು’ ಎಂಬಲ್ಲಿ ಮೇಲೆ ಹೋಗಿ ನಿಂತು ಇಳಿಯುತ್ತಿದ್ದಳಲ್ಲ, ಅದು ಹಾಗೇ ಇತ್ತು. ಇದನ್ನು ನಾನು ಈಗ ನೆನಪಿನಿಂದ ಹೇಳುತ್ತಿದ್ದೇನೆ. ಅವತ್ತು ಕೇಳಿಸಿಕೊಳ್ಳಲಿಲ್ಲ. ಅವತ್ತು ಎಲ್ಲ ನುಡಿಯಲ್ಲೂ ನನ್ನ ಎಫ್ ಡಬ್ ಎಂದಿತ್ತು.

“ರಿಜೆಕ್ಟ್” ಎಂದೆ.

“ಇರ್ಲಿ ಬಿಡ್ರೀ. ನಾನು ಚೆನ್ನಾಗಿ ಹಾಡ್ದೆ ಅನ್ಸುತ್ತೆ. ಇಟ್ಕೊಳ್ಳಿ ಅದ್ನ.”

“ರಿಜೆಕ್ಟ್ ಮಾಲು ಇಟ್ಕೊಳ್ಳೋದಾ? ಮಗಳ ಮದ್ವೇಲಿ ನಾಲ್ಕು ಜನದ ಮುಂದೆ ಹಾಕೋದು ಕಣೇ ಇದು. ನಾಳೆ ಮಾಡೋಣ.”

ಅಳಿಸಿದೆ. ಅಳಿಸಿದ್ದು ಫೋನಿನ ಕಸದಬುಟ್ಟಿಯಲ್ಲಿ ಇನ್ನೂ ಒಂದು ತಿಂಗಳು ಇರುತ್ತದಂತೆ. ಅದನ್ನೂ ಬಿಡಲಿಲ್ಲ, ಬುಟ್ಟಿ ತೆರೆದು ಅಲ್ಲಿಂದಲೂ ಅಳಿಸಿದೆ. ಸೀಳಿ ಚೀಲಕ್ಕೆ ಹಾಕಿದ ಹಾಗೆ. ಯಾರೂ ಹೇಳಿಕೊಡಲಿಲ್ಲ, ಕೈ ತಾನಾಗಿಯೇ ಮಾಡಿತು. ದಿನಾ ಒಂದೂವರೆಗೆ ಲೇತ್ ಶುರುವಾಗುವ ಮೊದಲು ಅವತ್ತಿನದನ್ನು ಕೇಳಿ, ತಪ್ಪು ಹುಡುಕಿ, ಸೀಳಿ ಮುಗಿಸುತ್ತಿದ್ದೆ.

ಎಂಟನೆಯದರಲ್ಲಿ ಮೂರನೇ ನುಡಿ ತಪ್ಪಿತು. ಹನ್ನೆರಡನೆಯದರಲ್ಲಿ ಕೊನೆಗೆ ನನ್ನ ಉಗುರು ತಾಗಿ ಕಿರ್ ಎಂದಿತು. ಹದಿನೈದನೆಯದು ಮುಗಿಯುವ ಹೊತ್ತಿಗೆ ಇಂದ್ರಮ್ಮ ನೀರು ಕೇಳಿದಳು. ಚೇತನಾಗೆ ವಿಷಯ ಹೇಳಿದಾಗ ಅವಳು ಕೈಯಲ್ಲಿದ್ದ ಗಿಟಾರ್ ಕೆಳಗಿಟ್ಟಳು.

“ಸಾರ್, ದಯವಿಟ್ಟು ಕೇಳಿ. ಮೊದ್ಲು ಆಂಟಿ ಹಾಡೋದನ್ನ ಮಾತ್ರ ರೆಕಾರ್ಡ್ ಮಾಡ್ಕೊಳ್ಳಿ, ಇವತ್ತೇ. ಗಿಟಾರ್ ಆಮೇಲೆ ಬೇರೆ ನುಡ್ಸಿ ಸೇರ್ಸ್ಬೋದು. ಒಂದು ವರ್ಷ ಬಿಟ್ಟೂ ಸೇರ್ಸ್ಬೋದು. ನಾನೇ ಮಾಡ್ಕೊಡ್ತೀನಿ.”

“ಬೇಡಮ್ಮ. ಇಬ್ರೂ ಒಟ್ಟಿಗೆ ಕೂತು ಮಾಡ್ಬೇಕು ಅಂತ ಆಸೆ.”

“ಆಸೆ ಸರಿ ಸಾರ್, ಆದ್ರೆ...”

“ಇನ್ನು ನಾಲ್ಕು ದಿನ. ಎಫ್ ಬಂದ್ಬಿಡುತ್ತೆ.”

ಅಲ್ಲಾ, ಮೂವತ್ತೊಂದು ವರ್ಷ ಕಾಲರ್ ಒಂದು ಕಡೆ, ತೋಳು ಒಂದು ಕಡೆ, ಬಾಡಿ ಒಂದು ಕಡೆ ಹೊಲಿದು ಕೊನೆಗೆ ಜೋಡಿಸುವುದನ್ನು ನೋಡಿದ ನನಗೆ ಆ ಮಾತು ತಲೆಗೆ ಹೋಗಲಿಲ್ಲವಲ್ಲ! ಯಾವ ಕತ್ತೆಗಾದರೂ ಅರ್ಥವಾಗುತ್ತಿತ್ತು.

ಎಫ್ ಬಂದದ್ದು ನಾಲ್ಕು ದಿನಕ್ಕಲ್ಲ, ಮೂರು ವಾರಕ್ಕೆ. ಆಪರೇಷನ್ನಿಗೆ ಮೂರೇ ದಿನ ಉಳಿದಿತ್ತು. ಇಪ್ಪತ್ತೊಂಬತ್ತನೇ ಸಲ. ತೋರುಬೆರಳು ಆರು ತಂತಿಯ ಮೇಲೆ ಕಬ್ಬಿಣದ ಪಟ್ಟಿಯಂತೆ ಕೂತಿತು, ಆರೂ ಒಟ್ಟಿಗೆ ನುಡಿದವು. ಐದು ನುಡಿಯಲ್ಲಿ ಒಂದು ಕಡೆಯೂ ಬೆರಳು ಜಾರಲಿಲ್ಲ. ಫೋನು ನಿಲ್ಲಿಸಿ ಮಂಚದಿಂದ ಹಾರಿ ಎದ್ದೆ.

“ಪಾಸ್! ಇಂದ್ರಾ, ಪಾಸ್ ಕಣೇ!”

ಇಂದ್ರಮ್ಮ ಚಾಪೆಯ ಮೇಲೆ ಕೂತೇ ನಕ್ಕಳು. ಕಣ್ಣಲ್ಲಿ ನೀರು ತುಂಬಿತ್ತು. ಮೂವತ್ತು ವರ್ಷದಲ್ಲಿ ಮೊದಲನೇ ಪಾಸು. ಅವಳ ಎರಡೂ ಕೈ ಹಿಡಿದುಕೊಂಡೆ. ಅವಳು ಏನೋ ಹೇಳಿದಳು, ಅಷ್ಟರಲ್ಲಿ ಲೇತ್ ಶುರುವಾಯಿತು.

ಸಂಜೆ ಸುಮಾ ಬಂದು ಚಪ್ಪಲಿ ಬಿಡುವ ಮೊದಲೇ ಕೂರಿಸಿ ಕೇಳಿಸಿದೆ. ಅವಳು ಫೋನನ್ನು ಕಿವಿಗೆ ಒತ್ತಿಕೊಂಡಳು. ಒಂದು ನುಡಿ ಮುಗಿಯಿತು. ಮುಖದಲ್ಲಿ ಏನೂ ಕಾಣಲಿಲ್ಲ. ಎರಡನೆಯದು ಮುಗಿಯಿತು.

“ಅಪ್ಪಾ, ಗಿಟಾರ್ ಚೆನ್ನಾಗಿದೆ” ಎಂದಳು ನಿಧಾನವಾಗಿ. “ಅಮ್ಮನ ದನಿ ಎಲ್ಲಿ?”

“ಅಯ್ಯೋ, ಹಾಡಿದ್ದಾಳಲ್ಲಮ್ಮ, ಸೌಂಡ್ ಜಾಸ್ತಿ ಮಾಡು.”

ಜಾಸ್ತಿ ಮಾಡಿದಳು. ಮೂವರೂ ಕೇಳಿದೆವು. ಗಿಟಾರಿನ ಹಿಂದೆ ಒಣ ಎಲೆ ಉಜ್ಜಿದ ಹಾಗೆ ಒಂದು ಸದ್ದು. ಮಾತು ಗೊತ್ತಿದ್ದವರಿಗೆ ಅಲ್ಲಲ್ಲಿ ಒಂದು ಅಕ್ಷರ ಸಿಗುತ್ತಿತ್ತು. ‘ನೂಲಿನಂಥವಳು’ ಎಂಬಲ್ಲಿ ಏನೂ ಇರಲಿಲ್ಲ, ಬರೀ ಉಸಿರು. ದಿನಾ ಎದುರಿಗೆ ಕೂತವಳ ದನಿ ಆರು ವಾರದಲ್ಲಿ ದಿನಕ್ಕಿಷ್ಟು ಕರಗಿ ಹೋಗಿತ್ತು, ನನಗೆ ಗೊತ್ತೇ ಆಗಿರಲಿಲ್ಲ. ನಾನು ಕೇಳುತ್ತಿದ್ದದ್ದು ನನ್ನ ಬೆರಳನ್ನು.

“ಪರ್ವಾಗಿಲ್ಲ ಅಪ್ಪಾ. ಮೊದಮೊದಲು ಮಾಡಿದ್ದು ಹಾಕಿ. ಗಿಟಾರ್ ತಪ್ಪಿದ್ರೂ ನಡೆಯುತ್ತೆ.”

ನಾನು ಕಿಟಕಿಯ ಕಂಬಳಿಯ ಗಂಟು ಬಿಚ್ಚತೊಡಗಿದೆ.

“ಅಪ್ಪಾ?”

“ಇಲ್ಲಮ್ಮ. ಅವೆಲ್ಲ ರಿಜೆಕ್ಟು. ಅಳಿಸ್ಬಿಟ್ಟೆ.”

ಸುಮಾ ಫೋನು ಕಿತ್ತುಕೊಂಡು ಹುಡುಕಿದಳು. ಬುಟ್ಟಿ ತೆರೆದಳು. ಖಾಲಿ. ಇನ್ನೊಮ್ಮೆ ತೆರೆದಳು. ಇಂದ್ರಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು. ಅವಳು ಹತ್ತಿರ ಬಂದು, ನನ್ನ ಮುಖಕ್ಕೆ ಮುಖ ತಂದು, ಆ ಹರಿದ ಪಿಸುದನಿಯಲ್ಲಿ ಕೇಳಿದಳು.

“ಒಂದೂನೂ ಇಲ್ವೇನ್ರೀ?”



ಮಾರನೆಯ ದಿನ ರಾಜಾಜಿನಗರದಲ್ಲಿ ಮೂರು ಮೊಬೈಲ್ ಅಂಗಡಿ ಸುತ್ತಿದೆ. ಮೂವರೂ ತಲೆಯಾಡಿಸಿದರು. “ಯಜಮಾನ್ರೇ, ನೀವೇ ಬೇರು ಸಮೇತ ಕಿತ್ತಾಕಿದ್ದೀರಲ್ಲ” ಎಂದ ಒಬ್ಬ. ಸುಮಾ ನೆಂಟರ ಮದುವೆ ವಿಡಿಯೋಗಳನ್ನೆಲ್ಲ ತರಿಸಿ ನೋಡಿದಳು. ಬೇರೆಯವರ ಮದುವೆಯಲ್ಲಿ ಇಂದ್ರಮ್ಮ ಬೇರೆ ಹಾಡು ಹಾಡಿದ್ದಳು, ಅದೂ ವಾಲಗದ ಸದ್ದಿನಲ್ಲಿ ಮುಳುಗಿತ್ತು. ಫೋನಿನಲ್ಲಿ ಅವಳು ದನಿಯಲ್ಲೇ ಕಳಿಸಿದ ಮಾತುಗಳಿದ್ದವು: ಹಾಲು ತನ್ನಿ, ಗ್ಯಾಸಿನವನು ಬಂದಿದ್ದ, ಸುಮಾ ಎಲ್ಲಿದ್ದೀಯೇ. ಹಾಡಿರಲಿಲ್ಲ. ಆ ಹಾಡು ಮಗಳ ಮದುವೆಯಲ್ಲಿ ಒಂದೇ ಸಲ ಹಾಡುವ ಹಾಡು. ಅದನ್ನು ಇಪ್ಪತ್ತೊಂಬತ್ತು ಸಲ ನನಗೊಬ್ಬನಿಗೆ ಹಾಡಿದ್ದಳು.

ಆಪರೇಷನ್ ದಿನ ಸ್ಟ್ರೆಚರ್ ತಳ್ಳುವಾಗ ಪಕ್ಕದಲ್ಲಿ ನಡೆಯುತ್ತಿದ್ದೆ. ಏನಾದರೂ ದೊಡ್ಡ ಮಾತು ಹೇಳುತ್ತಾಳೆ ಅಂದುಕೊಂಡು ಬಗ್ಗಿದೆ. “ಸ್ಟೌ ಆಫ್ ಮಾಡಿದ್ರಾ?” ಎಂದಳು. ಮಾಡಿದ್ದೀನಿ ಎಂದೆ. ಬಾಗಿಲು ಮುಚ್ಚಿತು. ಅವಳ ದನಿ ಅಲ್ಲಿಗೆ ಮುಗಿಯಿತು.

ಜೀವ ಉಳಿಯಿತು. ಅದಕ್ಕೆ ದೇವರಿಗೆ ಕೈ ಮುಗಿಯುತ್ತೇನೆ, ಕೃತಘ್ನನಲ್ಲ ನಾನು. ಮನೆಗೆ ಬಂದ ಮೇಲೆ ಕತ್ತಿನ ತೂತಿಗೆ ತೆಳು ಬಟ್ಟೆ ಕಟ್ಟಿಕೊಂಡು, ಸೊಂಟಕ್ಕೆ ಒಂದು ಚಿಕ್ಕ ನೋಟ್‌ಬುಕ್ಕು ಸಿಕ್ಕಿಸಿಕೊಂಡು ಓಡಾಡತೊಡಗಿದಳು. ಬೇಕಾದ್ದನ್ನು ಬರೆದು ತೋರಿಸುತ್ತಿದ್ದಳು. ಹಾಡಿನ ವಿಷಯ ಬರೆಯಲಿಲ್ಲ. ಸುಮಾ ನನ್ನ ಜೊತೆ ಊಟ ಆಯ್ತಾ, ಮಾತ್ರೆ ಕೊಟ್ರಾ ಎಂಬಷ್ಟೇ ಮಾತಾಡುತ್ತಿದ್ದಳು. ಒಂದು ಮಧ್ಯಾಹ್ನ, ಅದೇ ಲೇತ್ ನಿಂತ ಅರ್ಧ ಗಂಟೆಯಲ್ಲಿ, ನನಗೆ ತಡೆಯಲಾಗಲಿಲ್ಲ.

“ಬೈಯೇ ಇಂದ್ರಾ. ಹನ್ನೊಂದು ಕಾಲರ್ ತಂದು ಸುರಿದು ಬೈದ್ಯಲ್ಲ, ಹಂಗೆ ಬೈದ್ಬಿಡು. ನಂಗೆ ಈ ಮೌನ ಆಗ್ತಾ ಇಲ್ಲ.”

ಅವಳು ನೋಟ್‌ಬುಕ್ಕು ತೆಗೆಯಲಿಲ್ಲ. ಬಾಯಿ ತೆರೆದಳು. ಬೈದಳು. ತುಟಿ ಪಟಪಟ ಆಡಿತು, ಹಣೆಯ ನರ ಉಬ್ಬಿತು, ಬೆರಳು ನನ್ನ ಎದೆಗೆ ಕುಟ್ಟಿತು, ಕತ್ತಿನ ಬಟ್ಟೆ ಹಾರಿ ಹಾರಿ ಬಿತ್ತು. ಸದ್ದಿಲ್ಲ. ಬಹಳ ಹೊತ್ತು ಬೈದಳು. ಒಂದು ಮಾತೂ ನನಗೆ ದಕ್ಕಲಿಲ್ಲ. ಕೊನೆಗೆ ಸುಸ್ತಾಗಿ ನನ್ನ ಹೆಗಲಿಗೆ ಹಣೆ ಒರಗಿಸಿದಳು. ನಾನು ಗೊಳೋ ಎಂದು ಅತ್ತೆ. ಈ ವಯಸ್ಸಿನಲ್ಲಿ ಅಳಬಾರದು ಅಂತೇನೂ ಇಲ್ಲ.

ಮದುವೆ ಕೆಂಗೇರಿಯ ಛತ್ರದಲ್ಲಿ. ಹಾಡನ್ನು ರೆಕಾರ್ಡ್ ಮಾಡುತ್ತಿದ್ದೇವೆ ಎಂದು ಆಷಾಢದಲ್ಲೇ ನೆಂಟರಿಗೆಲ್ಲ ಡಂಗುರ ಸಾರಿದ್ದವನು ನಾನೇ. ನಡೆದದ್ದನ್ನು ಯಾರಿಗೂ ಹೇಳಿರಲಿಲ್ಲ. ಆ ಇಪ್ಪತ್ತೊಂಬತ್ತನೆಯದನ್ನು ಹಾಕಲು ಮನಸ್ಸು ಬರಲಿಲ್ಲ, ಸುಮಾ ಕೂಡ ಬೇಡ ಎಂದಿದ್ದಳು. ಹಾಡಿಲ್ಲದೆಯೇ ಒಪ್ಪಿಸುವುದು ಎಂದು ಮೂವರೂ ಬಾಯಿ ಬಿಟ್ಟು ಹೇಳದೆ ಒಪ್ಪಿಕೊಂಡಿದ್ದೆವು. ಬೆಳಗ್ಗೆ ಛತ್ರಕ್ಕೆ ಹೊರಡುವಾಗ ಇಂದ್ರಮ್ಮ ನೋಟ್‌ಬುಕ್ಕು ನನ್ನ ಕೈಗೆ ಕೊಟ್ಟಳು. ‘ಗಿಟಾರ್ ತನ್ನಿ. ಒಪ್ಪಿಸುವಾಗ ನೀವು ನುಡಿಸಿ. ನಾನು ಹಾಡುತ್ತೇನೆ.’

ಎರಡು ಸಲ ಓದಿದೆ. ಗಿಟಾರ್ ತಂದೆ.

ಧಾರೆ ಆಯಿತು, ಊಟ ಆಯಿತು. ಒಪ್ಪಿಸುವ ಹೊತ್ತಿಗೆ ಹಾಲಿನ ಬಟ್ಟಲು ಬಂತು. ವಾಲಗದವರಿಗೆ ನಿಲ್ಲಿಸಲು ಹೇಳಿದೆ. ಇಂದ್ರಮ್ಮ ಮಗಳ ಎರಡೂ ಕೈ ಹಾಲಿನಲ್ಲಿ ಅದ್ದಿ ಜೀವನ್ ತಾಯಿಯ ಕೈಗೆ ಇಟ್ಟಳು. ನಾನು ಪಕ್ಕದ ಕುರ್ಚಿಯಲ್ಲಿ ಕೂತು ಸಿ ಹಿಡಿದೆ. ಇಂದ್ರಮ್ಮನ ತುಟಿ ತೆರೆಯಿತು.

ಸುತ್ತ ನಿಂತ ಹೆಂಗಸರು ಇದು ಹಾಡಿನ ಮೊದಲು ಬರುವ ಬಾಜಾ ಇರಬೇಕು ಅಂದುಕೊಂಡು ಮಾತಾಡುತ್ತಲೇ ಇದ್ದರು. ನಾನು ಅವಳ ತುಟಿ ನೋಡುತ್ತಾ ನುಡಿಸಿದೆ. ‘ಹಾಲಲ್ಲಿ’ ಎಂದಳು. ‘ನಿಮ್ಮ ಕೈಗೊಪ್ಪಿಸಿದೆ’ ಎಂದಳು. ‘ನೂಲಿನಂಥವಳು’ ಎಂಬಲ್ಲಿ ಗದ್ದ ಮೇಲೆತ್ತಿ, ಆ ಮೇಲಿನ ಜಾಗದಲ್ಲಿ ನಿಂತಳು. ಎಫ್ ಬರುವುದು ಅಲ್ಲೇ. ಆರೂ ತಂತಿ ನುಡಿದವು. ಕತ್ತಿನ ಬಟ್ಟೆ ಮೆಲ್ಲಗೆ ಅಲುಗುತ್ತಿತ್ತು. ಇಪ್ಪತ್ತೊಂಬತ್ತು ಸಲ ಎದುರಿಗೆ ಕೂತು ಕೇಳದಿದ್ದ ಹಾಡನ್ನು ಅವತ್ತು ಒಂದು ಅಕ್ಷರ ಬಿಡದೆ ಕೇಳಿದೆ. ಸುಮಾ ತಾಯಿಯ ತುಟಿಯಿಂದ ಕಣ್ಣು ಕೀಳಲಿಲ್ಲ, ಹಾಲು ಅವಳ ಮೊಣಕೈವರೆಗೆ ಇಳಿಯುತ್ತಿತ್ತು. ಐದು ನುಡಿ ಮುಗಿಯಿತು. ಇಂದ್ರಮ್ಮ ಬಾಯಿ ಮುಚ್ಚಿದಳು, ನಾನು ತಂತಿಯ ಮೇಲೆ ಅಂಗೈ ಇಟ್ಟು ನಿಲ್ಲಿಸಿದೆ.

ಹಿಂದಿನಿಂದ ನಮ್ಮಕ್ಕ ಪಾಪಮ್ಮ ನನ್ನ ಬೆನ್ನು ತಟ್ಟಿದಳು.

“ಚೆನ್ನಾಗಿ ನುಡಿಸ್ದೆ ಕಣೋ ಬೈರ. ಎಲ್ಲಿ, ಇಂದ್ರಮ್ಮನ ಹಾಡು ಹಾಕು ಇನ್ನ. ರಾಹುಕಾಲ ಬಂದ್ಬಿಡುತ್ತೆ.”

ಉತ್ತರ ಕೊಟ್ಟವಳು ಸುಮಾ. ಒದ್ದೆ ಕೈಯಿಂದಲೇ ಕಣ್ಣೊರೆಸಿಕೊಂಡು, ಎಷ್ಟೋ ತಿಂಗಳ ಮೇಲೆ ನನ್ನ ಮುಖವನ್ನು ನೆಟ್ಟಗೆ ನೋಡಿದಳು.

“ಹಾಡು ಆಯ್ತು ಅತ್ತೆ” ಎಂದಳು.